ಶುದ್ಧವಾದಷ್ಟೂ ಅಪಾಯ: ಪೆರಾಕ್ಸೈಡ್ ಸುದ್ದಿಗಳನ್ನು ಹಾಸನದಲ್ಲಿ ಕುಳಿತು ಓದುವಾಗ

ಹಾಸನದ ಸಂತೆಯಲ್ಲಿ ‘ಸಾವಯವ’ ಎಂಬ ಮಾತಿಗೆ ಒಂದೇ ಅರ್ಥ. ಸಾವಯವ ಬೆಲ್ಲ, ಸಾವಯವ ಅಕ್ಕಿ, ಸಾವಯವ ಗೊಬ್ಬರ ಎಂದರೆ ರಾಸಾಯನಿಕ ಸೋಕದ್ದು, ನಂಬಿ ಕೊಳ್ಳಬಹುದಾದದ್ದು. ಹೀಗಿರುವಾಗ ‘ಸಾವಯವ ಪೆರಾಕ್ಸೈಡ್ ಸ್ಫೋಟ’ ಎಂಬ ಸಾಲು ಓದಿದವರು ಗಲಿಬಿಲಿಗೊಳ್ಳುವುದು ಸಹಜ. ರಸಾಯನಶಾಸ್ತ್ರದಲ್ಲಿ ಸಾವಯವ ಎಂದರೆ ಇಂಗಾಲವನ್ನು ಬೆನ್ನೆಲುಬಾಗಿ ಉಳ್ಳ ಸಂಯುಕ್ತ, ಅಷ್ಟೇ. ಪೆಟ್ರೋಲ್ ಸಾವಯವ, ಗದ್ದೆಗೆ ಸಿಂಪಡಿಸುವ ಕೀಟನಾಶಕಗಳಲ್ಲಿ ಹೆಚ್ಚಿನವೂ ಸಾವಯವ. ಒಂದೇ ಪದ ಎರಡು ಲೋಕಗಳಲ್ಲಿ ಬೇರೆ ಬೇರೆ ಅರ್ಥ ಹೊತ್ತು ತಿರುಗುತ್ತಿದೆ.

ಎರಡು ಸುದ್ದಿಗಳು ಈ ಗೊಂದಲವನ್ನು ಇನ್ನಷ್ಟು ದಟ್ಟವಾಗಿಸಿದವು. 2024ರ ಮೇ 23ರಂದು ಮುಂಬೈ ಸಮೀಪದ ಡೊಂಬಿವ್ಲಿಯ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಸ್ಫೋಟಿಸಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಬಾಯ್ಲರ್ ಸಿಡಿಯಿತು ಎಂದು ಮೊದಲು ಹೇಳಿದ ವರದಿಗಳು ಆಮೇಲೆ ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆಯಾದ ರಿಯಾಕ್ಟರ್ ಕಡೆಗೆ, ಅಲ್ಲಿ ಬಳಕೆಯಲ್ಲಿದ್ದ ಪೆರಾಕ್ಸೈಡ್‌ಗಳ ಕಡೆಗೆ ತಿರುಗಿದವು. 2025ರ ಮಾರ್ಚ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಮತ್ತೊಂದು ಸುದ್ದಿ ಕೊಟ್ಟಿತು. ಮೊಡವೆಗೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್ ಮುಲಾಮುಗಳಲ್ಲಿ ಕೆಲವನ್ನು, ಅವುಗಳಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಎಂಬ ವಸ್ತು ಕಂಡುಬಂದ ಕಾರಣ, ಅಂಗಡಿಗಳಿಂದ ಹಿಂದಕ್ಕೆ ಪಡೆಯಲಾಗುತ್ತಿದೆ ಎಂಬುದು ಆ ಪ್ರಕಟಣೆ. ಕಾರ್ಖಾನೆಯನ್ನು ಕೆಡವಿದ ರಾಸಾಯನಿಕ ಕುಟುಂಬದ್ದೇ ಒಬ್ಬ ಸದಸ್ಯ ಹದಿಹರೆಯದವರ ಕೆನ್ನೆಯ ಮೇಲೆ ಏಕಿದ್ದಾನೆ? ಇದು ವಿಷವೋ, ಔಷಧವೋ, ಸಿಡಿಮದ್ದೋ?

ಹಾಸನದವರಿಗೆ ಇದು ದೂರದ ಪ್ರಶ್ನೆಯೇನೂ ಅಲ್ಲ. ನಗರದ ಹೊರವಲಯದಲ್ಲಿ ಕೈಗಾರಿಕಾ ಬೆಳವಣಿಗೆ ಕೇಂದ್ರವಿದೆ. ಜವಳಿಗೂ ಔಷಧ ತಯಾರಿಕೆಗೂ ವಿಶೇಷ ಆರ್ಥಿಕ ವಲಯಗಳಿವೆ. ನವಮಂಗಳೂರು ಬಂದರು ಮತ್ತು ಬೆಂಗಳೂರಿನ ನಡುವಿನ ಸರಕು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನಮ್ಮ ಜಿಲ್ಲೆಯನ್ನು ಸೀಳಿಕೊಂಡೇ ಓಡಾಡುತ್ತದೆ. ಹೊಸ ಕಾರ್ಖಾನೆ ಬರಲಿ ಎನ್ನುವವರೂ ಬೇಡ ಎನ್ನುವವರೂ ವಾದಕ್ಕಿಳಿಯುವ ಮುಂಚೆ ಈ ವಸ್ತುವಿನ ಸ್ವಭಾವ ತಿಳಿದಿರುವುದು ಒಳ್ಳೆಯದು. ‘ಅಪಾಯಕಾರಿ ಹೌದೋ ಅಲ್ಲವೋ’ ಎಂದು ಕೇಳಿದರೆ ಪೆರಾಕ್ಸೈಡ್ ವಿಷಯದಲ್ಲಿ ಉಪಯೋಗವಾಗುವ ಉತ್ತರ ಸಿಗುವುದಿಲ್ಲ. ಎಷ್ಟು ದೊಡ್ಡ ರಾಶಿ, ಎಷ್ಟು ಕಾವು, ಎಷ್ಟು ಒಣಗಿದೆ, ಏನು ಬೆರೆತಿದೆ ಎಂದು ಕೇಳಿದರೆ ಸಿಗುತ್ತದೆ.

ಸಡಿಲವಾದ ಒಂದು ಕೊಂಡಿ

ಎರಡು ಆಮ್ಲಜನಕ ಪರಮಾಣುಗಳು ಒಂದಕ್ಕೊಂದು ಒಂಟಿ ಬಂಧದಿಂದ ಕೈ ಹಿಡಿದು ನಿಂತಿದ್ದರೆ ಅದು ಪೆರಾಕ್ಸೈಡ್. ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಈ ಜೋಡಿಯ ಎರಡೂ ಬದಿಗೆ ಹೈಡ್ರೋಜನ್ ಇರುತ್ತದೆ. ಅವುಗಳಲ್ಲಿ ಒಂದರ ಅಥವಾ ಎರಡರ ಜಾಗಕ್ಕೆ ಇಂಗಾಲದ ಗುಂಪು ಬಂದರೆ ಸಾವಯವ ಪೆರಾಕ್ಸೈಡ್ ಆಯಿತು.

ಆಮ್ಲಜನಕಗಳ ನಡುವಿನ ಈ ಕೊಂಡಿ ಬಹಳ ಸಡಿಲ. ಸಾಮಾನ್ಯ ಇಂಗಾಲ–ಇಂಗಾಲ ಬಂಧವನ್ನು ಮುರಿಯಲು ಒಂದು ಮೋಲ್‌ಗೆ ಸುಮಾರು 350 ಕಿಲೋಜೂಲ್ ಶಕ್ತಿ ಬೇಕು. ಪೆರಾಕ್ಸೈಡ್ ಕೊಂಡಿಗೆ ಬಹುಮಟ್ಟಿಗೆ 150ರಿಂದ 200 ಸಾಕು. ಹಾಗಾಗಿ ಸ್ವಲ್ಪ ಬಿಸಿ ತಗುಲಿದರೂ, ಕೆಲವು ಲೋಹಗಳ ಸಂಪರ್ಕ ಬಂದರೂ ಕೊಂಡಿ ಕಳಚಿ ಅಣು ಎರಡು ಹೋಳಾಗುತ್ತದೆ. ಈ ಹೋಳುಗಳಿಗೆ ರ‍್ಯಾಡಿಕಲ್‌ಗಳು ಎಂದು ಹೆಸರು. ಜೊತೆಗಾರನಿಲ್ಲದ ಎಲೆಕ್ಟ್ರಾನ್ ಹೊತ್ತ ಇವು ಪಕ್ಕದ ಅಣುವಿನಿಂದ ಏನನ್ನಾದರೂ ಕಿತ್ತುಕೊಳ್ಳದೆ ಸುಮ್ಮನಿರುವುದಿಲ್ಲ.

ಈ ಅವಸರದ ಸ್ವಭಾವವೇ ಕೈಗಾರಿಕೆಗೆ ಬೇಕಾದದ್ದು. ಪಿವಿಸಿ ಪೈಪ್ ಆಗುವ ಪ್ಲಾಸ್ಟಿಕ್‌ನ ಸಣ್ಣ ಅಣುಗಳು ಸರಪಳಿಯಾಗಿ ಹೆಣೆದುಕೊಳ್ಳಬೇಕಾದರೆ ಮೊದಲ ಅಣುವನ್ನು ಯಾರಾದರೂ ಎಬ್ಬಿಸಬೇಕು. ಪೆರಾಕ್ಸೈಡ್‌ನ ಹೋಳು ಆ ಕೆಲಸ ಮಾಡುತ್ತದೆ. ಆಲೂಗಡ್ಡೆ ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪಿನ ಹುಟ್ಟಿನಲ್ಲಿ, ಹವಾಯಿ ಚಪ್ಪಲಿಯ ಮೃದುವಾದ ಅಟ್ಟೆಯಲ್ಲಿ, ವಿದ್ಯುತ್ ಕೇಬಲ್ಲಿನ ಹೊದಿಕೆಯಲ್ಲಿ, ಹಲ್ಲಿನ ಸೆಟ್ ಅಚ್ಚು ಮಾಡುವ ಪುಡಿಯಲ್ಲಿ ಈ ಕುಟುಂಬದ ಯಾರಾದರೊಬ್ಬರು ಕೆಲಸ ಮಾಡಿ ಮರೆಯಾಗಿರುತ್ತಾರೆ. ಫೈಬರ್ ಶೀಟ್, ಫೈಬರ್ ಟ್ಯಾಂಕ್ ಮಾಡುವ ಶೆಡ್‌ಗಳಲ್ಲಿ ‘ಹಾರ್ಡನರ್’ ಎಂದು ಕರೆಯುವ ದ್ರವ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಕೆಲಸಗಾರರ ಬಾಯಲ್ಲಿ ಎಂಇಕೆಪಿ. ಕಾರಿನ ತಗ್ಗು ಮುಚ್ಚುವ ಪುಟ್ಟಿಗೂ ಗ್ರಾನೈಟ್ ಅಂಟಿಸುವ ಮಾಸ್ಟಿಕ್‌ಗೂ ಬೆರೆಸುವ ಸಣ್ಣ ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುವುದು ಬೆಂಜಾಯ್ಲ್ ಪೆರಾಕ್ಸೈಡ್, ಅಂದರೆ ಮೊಡವೆಯ ಮುಲಾಮಿನಲ್ಲಿರುವುದೇ.

ಪ್ರಕೃತಿಯೂ ಈ ಕೊಂಡಿಯನ್ನು ಬಿಟ್ಟಿಲ್ಲ. ಚೀನಾದ ಮೂಲಿಕೆಯೊಂದರಿಂದ ಪ್ರತ್ಯೇಕಿಸಿದ, 2015ರಲ್ಲಿ ತೂ ಯೂಯೂ ಅವರಿಗೆ ನೊಬೆಲ್ ಪ್ರಶಸ್ತಿ ತಂದ ಮಲೇರಿಯಾ ಔಷಧ ಆರ್ಟೆಮಿಸಿನಿನ್ ಕೂಡ ಪೆರಾಕ್ಸೈಡೇ. ಆ ಸಡಿಲ ಕೊಂಡಿ ರೋಗಾಣುವಿನೊಳಗೆ ಮುರಿಯುವುದರಿಂದಲೇ ಔಷಧ ಕೆಲಸ ಮಾಡುತ್ತದೆ. ಕುಟುಂಬದ ಹೆಸರು ನೋಡಿ ತೀರ್ಪು ಕೊಡಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ.

ತಯಾರಿಸುವಾಗ ನಡೆಯುವುದೇನು

ಬೆಂಜಾಯ್ಲ್ ಪೆರಾಕ್ಸೈಡ್‌ಅನ್ನು ಇಂಗ್ಲೆಂಡಿನ ಬೆಂಜಮಿನ್ ಬ್ರೋಡಿ 1858ರಲ್ಲಿ ಮೊದಲ ಬಾರಿಗೆ ತಯಾರಿಸಿದರು. ಕೈಗಾರಿಕಾ ವಿಧಾನದ ತಿರುಳು ಪಠ್ಯಪುಸ್ತಕಗಳಲ್ಲೇ ಇದೆ: ಬೆಂಜಾಯ್ಲ್ ಕ್ಲೋರೈಡ್ ಎಂಬ ದ್ರವವು ಕ್ಷಾರ ಬೆರೆತ ಹೈಡ್ರೋಜನ್ ಪೆರಾಕ್ಸೈಡ್‌ನೊಂದಿಗೆ ತಣ್ಣನೆಯ ನೀರಿನಲ್ಲಿ ಕೂಡಿದಾಗ ಬಿಳಿಯ ಹರಳುಗಳು ಕೆಳಗಿಳಿಯುತ್ತವೆ. ಕ್ಯೂಮೀನ್ ಹೈಡ್ರೋಪೆರಾಕ್ಸೈಡ್‌ನದು ಬೇರೆ ದಾರಿ. ಕ್ಯೂಮೀನ್ ಎಂಬ ದ್ರವದೊಳಗೆ ಗಾಳಿ ಊದುತ್ತಾರೆ. ಗಾಳಿಯ ಆಮ್ಲಜನಕವೇ ಅಣುವಿನೊಳಗೆ ಸೇರುತ್ತದೆ. ಜಗತ್ತಿನ ಫೀನಾಲ್‌ನಲ್ಲಿ ಬಹುಪಾಲು ಈ ದಾರಿಯಿಂದಲೇ ಬರುತ್ತದೆ. ಅಲ್ಲಿಯೂ ದ್ರವವನ್ನೆಲ್ಲ ಒಮ್ಮೆಲೇ ಪೆರಾಕ್ಸೈಡ್ ಆಗಿಸಲು ಹೋಗುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತು, ಮೂವತ್ತು ಪಾಲಿಗೆ ಕ್ರಿಯೆ ನಿಲ್ಲಿಸುತ್ತಾರೆ. ಇನ್ನೂ ಮುಂದೆ ಹೋದರೆ ಇಳುವರಿಯೂ ಕೆಡುತ್ತದೆ, ಅಪಾಯವೂ ಏರುತ್ತದೆ.

ಈ ಕ್ರಿಯೆಗಳು ನಡೆಯುವಾಗ ಶಾಖ ಹೊರಬರುತ್ತದೆ. ಆ ಶಾಖವನ್ನು ಹುಟ್ಟಿದ ಕ್ಷಣದಲ್ಲೇ ಹೊರಗೆ ಸಾಗಿಸಬೇಕು. ಇಲ್ಲದಿದ್ದರೆ ತಯಾರಾದ ಪೆರಾಕ್ಸೈಡ್ ಅದೇ ಶಾಖದಿಂದ ಮುರಿಯತೊಡಗುತ್ತದೆ, ಮುರಿದಾಗ ಮತ್ತಷ್ಟು ಶಾಖ ಬರುತ್ತದೆ. ಅದಕ್ಕಾಗಿ ರಿಯಾಕ್ಟರ್‌ನ ಸುತ್ತ ಶೀತಲ ದ್ರವ ಹರಿಯುವ ಕವಚ, ನಿಲ್ಲದೆ ತಿರುಗುವ ಕಲಕು, ಒಂದು ಕಚ್ಚಾವಸ್ತುವನ್ನು ಸಣ್ಣ ಧಾರೆಯಾಗಿ ಬಿಡುವ ಏರ್ಪಾಡು ಇರುತ್ತವೆ. ಕಲಕು ನಿಂತರೆ ಅಥವಾ ಕವಚದ ಹರಿವು ನಿಂತರೆ ಧಾರೆ ತಾನಾಗಿ ನಿಲ್ಲಬೇಕು.

ಹಾಗೆಂದು ತಣ್ಣಗಾದಷ್ಟೂ ಕ್ಷೇಮ ಎಂದು ತಿಳಿಯುವುದೂ ತಪ್ಪು. ಮಿಶ್ರಣ ಮಿತಿಮೀರಿ ತಣ್ಣಗಾದರೆ ಸುರಿದ ಕಚ್ಚಾವಸ್ತು ಕ್ರಿಯೆಗೊಳ್ಳದೆ ಸುಮ್ಮನೆ ಸೇರುತ್ತಾ ಹೋಗುತ್ತದೆ. ತಾಪಮಾಪಕ ಶಾಂತವಾಗಿರುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಆಮೇಲೆ ಯಾವುದೋ ಕಾರಣಕ್ಕೆ ಎರಡು ಡಿಗ್ರಿ ಏರಿದಾಗ, ಗಂಟೆಗಟ್ಟಲೆ ಕೂಡಿಟ್ಟ ಕ್ರಿಯೆಯೆಲ್ಲ ನಿಮಿಷಗಳಲ್ಲಿ ನಡೆದುಬಿಡುತ್ತದೆ. ಆ ವೇಗದ ಶಾಖವನ್ನು ಯಾವ ಕವಚವೂ ಹೀರಲಾರದು. ಇಂಥ ಕಡೆ ಮಾಪಕದ ಇವತ್ತಿನ ಅಂಕಿಗಿಂತ, ಕ್ರಿಯೆಗೆ ಕಾದು ಕುಳಿತಿರುವ ವಸ್ತು ಎಷ್ಟಿದೆ ಎಂಬ ಲೆಕ್ಕವನ್ನು ಕಾಯುವವನೇ ಅನುಭವಿ ಆಪರೇಟರ್.

ಶುದ್ಧೀಕರಣ ಎಂಬ ಕಠಿಣ ಕೆಲಸ

ಬೇರೆ ರಾಸಾಯನಿಕಗಳ ಉದ್ಯಮದಲ್ಲಿ ಶುದ್ಧತೆ ಎಂದರೆ ಹೆಮ್ಮೆ. ಶೇ 99 ಎಂದರೆ ಒಳ್ಳೆಯದು, ಶೇ 99.9 ಎಂದರೆ ಇನ್ನೂ ಒಳ್ಳೆಯದು. ಪೆರಾಕ್ಸೈಡ್‌ನಲ್ಲಿ ಈ ಲೆಕ್ಕ ಎರಡಾಗಿ ಒಡೆಯುತ್ತದೆ, ಸಾರ್ವಜನಿಕ ಚರ್ಚೆಯಲ್ಲಿ ಹೆಚ್ಚಾಗಿ ತಪ್ಪಿಹೋಗುವ ಸಂಗತಿಯೂ ಇದೇ. ಕೆಲವು ಕಲ್ಮಶಗಳನ್ನು ಪೂರ್ತಿ ತೆಗೆಯಲೇಬೇಕು. ಕೆಲವು ‘ಕಲ್ಮಶ’ಗಳನ್ನು ತೆಗೆಯಲೇಬಾರದು.

ತೆಗೆಯಬೇಕಾದವು ಯಾವುವು? ತಯಾರಿಕೆಯಲ್ಲಿ ಉಳಿದ ಆಮ್ಲ ಮತ್ತು ಉಪ್ಪು, ಕ್ರಿಯೆಗೊಳ್ಳದೆ ಉಳಿದ ಕಚ್ಚಾವಸ್ತು, ಎಲ್ಲಕ್ಕಿಂತ ಮುಖ್ಯವಾಗಿ ಕಬ್ಬಿಣ, ತಾಮ್ರ, ಕೋಬಾಲ್ಟ್‌ನಂಥ ಲೋಹಗಳ ಸುಳಿವು. ಲೋಹದ ಕಣ ಪೆರಾಕ್ಸೈಡ್ ಕೊಂಡಿಯನ್ನು ಕಡಿಯುವ ಕತ್ತರಿಯಂತೆ. ಒಂದನ್ನು ಕಡಿದು ತಾನು ಸವೆಯದೆ ಮುಂದಿನದಕ್ಕೆ ಹೋಗುತ್ತದೆ. ಹಾಗಾಗಿ ಅತಿ ಸ್ವಲ್ಪ ತುಕ್ಕು ಕೂಡ ಇಡೀ ಡ್ರಮ್ಮಿನ ಆಯುಷ್ಯ ಕಡಿಮೆ ಮಾಡಬಲ್ಲದು. ಇಂಥ ಘಟಕಗಳಲ್ಲಿ ಗಾಜಿನ ಒಳಪದರದ ಪಾತ್ರೆ, ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್, ಪಾಲಿಥಿನ್ ಡಬ್ಬಿ ಬಳಸುವುದು ಈ ಕಾರಣಕ್ಕೆ. ಕಲ್ಮಶವನ್ನು ನೀರಿನಿಂದ, ದುರ್ಬಲ ಕ್ಷಾರದ ದ್ರಾವಣದಿಂದ ಮತ್ತೆ ಮತ್ತೆ ತೊಳೆದು, ಪದರ ಬೇರ್ಪಡಿಸಿ, ಹರಳಾಗುವ ವಸ್ತುವಾದರೆ ತಣ್ಣಗಿನ ದ್ರಾವಕದಿಂದ ಹರಳುಗಟ್ಟಿಸಿ ತೆಗೆಯುತ್ತಾರೆ.

ಔಷಧ, ಸುಗಂಧ, ಸಾರಾಯಿಗಳಿಗೆಲ್ಲ ಒಗ್ಗುವ ಹಳೆಯ ಉಪಾಯವಾದ ಭಟ್ಟಿ ಇಳಿಸುವುದು ಇಲ್ಲಿ ಬಹುಪಾಲು ನಿಷಿದ್ಧ. ಕಾರಣ ಸ್ಪಷ್ಟ. ಭಟ್ಟಿ ಇಳಿಸಲು ಕಾಯಿಸಬೇಕು, ಕಾಯಿಸಿದರೆ ಕೊಂಡಿ ಮುರಿಯುತ್ತದೆ. ಮೇಲಾಗಿ ಹಗುರ ದ್ರವಗಳು ಮೊದಲು ಆವಿಯಾಗಿ ಹೋಗಿ ತಳದಲ್ಲಿ ಪೆರಾಕ್ಸೈಡ್ ಗಾಢವಾಗುತ್ತಾ ಹೋಗುತ್ತದೆ. ಕಾವು ಏರುವುದು, ಗಾಢತೆ ಹೆಚ್ಚುವುದು ಎರಡೂ ಒಂದೇ ಪಾತ್ರೆಯಲ್ಲಿ ಒಂದೇ ಹೊತ್ತಿಗೆ. ಬಹಳ ದಿನ ಇಟ್ಟ ಈಥರ್ ದ್ರಾವಕವನ್ನು ಪರೀಕ್ಷಿಸದೆ ಭಟ್ಟಿಗೆ ಏರಿಸಬೇಡಿ ಎಂದು ಕಾಲೇಜು ಪ್ರಯೋಗಾಲಯಗಳಲ್ಲಿ ಕಲಿಸುವುದೂ ಇದೇ ಕಾರಣಕ್ಕೆ. ಗಾಳಿ ತಾಗಿದ ಈಥರ್ ತನ್ನಷ್ಟಕ್ಕೆ ಪೆರಾಕ್ಸೈಡ್ ಕಟ್ಟಿಕೊಂಡಿರುತ್ತದೆ.

ಇನ್ನು ತೆಗೆಯಬಾರದ ಕಲ್ಮಶ. ಒಣಗಿದ ಶುದ್ಧ ಬೆಂಜಾಯ್ಲ್ ಪೆರಾಕ್ಸೈಡ್ ಪುಡಿ ಉಜ್ಜಿದರೆ, ಹೊಡೆದರೆ, ಕಿಡಿ ತಾಗಿದರೆ ಸಿಡಿಯಬಲ್ಲದು. ಆದ್ದರಿಂದ ಅದನ್ನು ಒದ್ದೆಯಾಗಿಯೇ ಮಾರುತ್ತಾರೆ. ಔಷಧಗಳ ಗುಣಮಟ್ಟವನ್ನು ನಿಗದಿಪಡಿಸುವ ಅಮೆರಿಕದ ಔಷಧಕೋಶ, ಔಷಧಕ್ಕೆ ಬಳಸುವ ಈ ವಸ್ತುವಿನ ಹೆಸರಿನಲ್ಲೇ ನೀರನ್ನು ಸೇರಿಸಿಕೊಂಡಿದೆ: ‘ಜಲಯುಕ್ತ ಬೆಂಜಾಯ್ಲ್ ಪೆರಾಕ್ಸೈಡ್’. ಅದರಲ್ಲಿ ಸುಮಾರು ಶೇ 26ರಷ್ಟು ನೀರು ಇರುತ್ತದೆ ಎಂದೂ, ಬೆಂಕಿ ಹತ್ತುವ ಮತ್ತು ಹೊಡೆತಕ್ಕೆ ಸಿಡಿಯುವ ಗುಣ ತಗ್ಗಿಸಲೆಂದೇ ಆ ನೀರು ಇದೆ ಎಂದೂ ಅಲ್ಲಿ ನಮೂದಾಗಿದೆ. ದ್ರವರೂಪದ ಎಂಇಕೆಪಿಯನ್ನಂತೂ ಮಾರುಕಟ್ಟೆಗೆ ಶುದ್ಧವಾಗಿ ಬಿಡುವುದೇ ಇಲ್ಲ. ಥ್ಯಾಲೇಟ್‌ನಂಥ ಎಣ್ಣೆಯಲ್ಲಿ ಕರಗಿಸಿ ಅದರ ಉಗ್ರತೆ ತಗ್ಗಿಸಿಯೇ ಡಬ್ಬಿಗೆ ತುಂಬುತ್ತಾರೆ. ಕೊಳ್ಳುವವನು ‘ನೀರು ಬೆರೆಸಿದ ಮಾಲು’ ಎಂದು ದೂರಿದರೆ ಇಲ್ಲಿ ಅದು ತಪ್ಪು ದೂರು.

ಈ ಮಿತಿ ಮೀರಿದಾಗ ಏನಾಗುತ್ತದೆ ಎಂಬುದಕ್ಕೆ ದಾಖಲೆಯಿದೆ. 2003ರ ಜನವರಿ 2ರಂದು ಅಮೆರಿಕದ ಓಹಾಯೋ ರಾಜ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಸುಮಾರು 90 ಕಿಲೋ ಬೆಂಜಾಯ್ಲ್ ಪೆರಾಕ್ಸೈಡ್‌ಅನ್ನು ನಿರ್ವಾತ ಡ್ರೈಯರ್‌ನಲ್ಲಿ ಒಣಗಿಸಲಾಗುತ್ತಿತ್ತು. ಶೇ 75ರ ಒದ್ದೆ ಪುಡಿಯನ್ನು ಶೇ 98ಕ್ಕೆ ಏರಿಸುವುದು ಉದ್ದೇಶ. ಡ್ರೈಯರ್ ಸಿಡಿದು ಕಟ್ಟಡಕ್ಕೆ ಹಾನಿಯಾಯಿತು, ಕೆಲಸಗಾರರೊಬ್ಬರು ಗಾಯಗೊಂಡರು. ವಿಷಾನಿಲ ಸೋರಿಕೆಯಿಲ್ಲ, ಹೊಸ ರಾಸಾಯನಿಕವಿಲ್ಲ. ನೀರನ್ನು ತೆಗೆಯುವ ಹಂತವೊಂದೇ ಸಾಕಾಯಿತು.

ಮಾಲಿನ ಗುಣಮಟ್ಟವನ್ನು ಅಳೆಯುವುದಕ್ಕೂ ಇದಕ್ಕೆ ತಕ್ಕ ಮಾನದಂಡವಿದೆ. ತೂಕದಲ್ಲಿ ಎಷ್ಟು ಪಾಲು ‘ಸಕ್ರಿಯ ಆಮ್ಲಜನಕ’, ಅಂದರೆ ಪೆರಾಕ್ಸೈಡ್ ಕೊಂಡಿಯಿಂದ ಬಿಡುಗಡೆಯಾಗಬಲ್ಲ ಆಮ್ಲಜನಕ, ಎಂದು ನೋಡುತ್ತಾರೆ. ಶುದ್ಧ ಬೆಂಜಾಯ್ಲ್ ಪೆರಾಕ್ಸೈಡ್‌ಗೆ ಈ ಅಂಕಿ ಸುಮಾರು ಶೇ 6.6, ಕಾಲು ಪಾಲು ನೀರಿರುವ ಮಾಲಿಗೆ ಸುಮಾರು ಶೇ 5. ಅಯೋಡೈಡ್ ದ್ರಾವಣಕ್ಕೆ ಮಾದರಿ ಹಾಕಿ, ಬಿಡುಗಡೆಯಾದ ಅಯೋಡಿನ್ ಎಷ್ಟೆಂದು ಟೈಟ್ರೇಷನ್ ಮಾಡಿ, ಅಂದರೆ ಗಾಢತೆ ಗೊತ್ತಿರುವ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅಳೆದು, ಇದನ್ನು ಕಂಡುಕೊಳ್ಳುತ್ತಾರೆ. ಪದವಿ ವಿದ್ಯಾರ್ಥಿಗಳಿಗೆ ಪರಿಚಿತವಾದ ಪ್ರಯೋಗ ಇದು. ಸಣ್ಣ ಘಟಕವೂ ಇದನ್ನು ಮಾಡಬಲ್ಲದು, ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ಬಣವೆಯೊಳಗಿನ ಕಾವು

ಹಸಿ ಹುಲ್ಲನ್ನು ಸರಿಯಾಗಿ ಒಣಗಿಸದೆ ಬಣವೆ ಒಟ್ಟಿದರೆ ಒಳಗೆ ಕಾವು ಏಳುತ್ತದೆ ಎಂಬುದು ನಮ್ಮ ರೈತರಿಗೆ ಗೊತ್ತು. ಕಾಫಿ ಹಣ್ಣಿನ ಸಿಪ್ಪೆ ಗುಡ್ಡೆಯೊಳಗೆ ಕೈಯಿಟ್ಟರೆ ಬಿಸಿ ತಾಗುತ್ತದೆ. ಅದೇ ಸಿಪ್ಪೆಯನ್ನು ತೆಳ್ಳಗೆ ಹರಡಿದರೆ ಬಿಸಿ ಇಲ್ಲ. ಶಾಖ ಹುಟ್ಟುವುದು ರಾಶಿಯ ಗಾತ್ರದಷ್ಟು. ಹೊರಹೋಗುವುದು ರಾಶಿಯ ಮೈ ಇದ್ದಷ್ಟು. ರಾಶಿ ದೊಡ್ಡದಾದಂತೆ ಗಾತ್ರ ವೇಗವಾಗಿ ಬೆಳೆಯುತ್ತದೆ, ಮೈ ಅಷ್ಟು ಬೆಳೆಯುವುದಿಲ್ಲ. ಉಳಿದ ಶಾಖ ಒಳಗೇ ಕೂತು ಕ್ರಿಯೆಯನ್ನು ಚುರುಕುಗೊಳಿಸುತ್ತದೆ.

ಪೆರಾಕ್ಸೈಡ್‌ಗೂ ಇದೇ ಲೆಕ್ಕ, ಆದರೆ ಬಹಳ ಬೇಗ. ದ್ರಾವಣದಲ್ಲಿರುವ ಬೆಂಜಾಯ್ಲ್ ಪೆರಾಕ್ಸೈಡ್ ಸುಮಾರು 73 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ಗಂಟೆಗೆ ಅರ್ಧದಷ್ಟು ಮುರಿಯುತ್ತದೆ. ಸುಮಾರು 91 ಡಿಗ್ರಿಗೆ ಏರಿಸಿದರೆ ಒಂದೇ ಗಂಟೆ ಸಾಕು. ಹದಿನೆಂಟು ಡಿಗ್ರಿಗೆ ಹತ್ತು ಪಟ್ಟು ವೇಗ. ಆದ್ದರಿಂದ ಪ್ರತಿ ಪೆರಾಕ್ಸೈಡ್‌ಗೂ ಒಂದು ಗೆರೆ ಎಳೆದಿದ್ದಾರೆ: ಮಾರುಕಟ್ಟೆಯ ಡಬ್ಬಿಯಲ್ಲಿದ್ದಂತೆಯೇ ಇಟ್ಟಾಗ, ಯಾವ ಕನಿಷ್ಠ ತಾಪಮಾನದಲ್ಲಿ ಅದು ಒಂದು ವಾರದೊಳಗೆ ತನ್ನ ಶಾಖಕ್ಕೆ ತಾನೇ ಬಲಿಯಾಗಿ ಓಡತೊಡಗುತ್ತದೆ ಎಂಬ ಗೆರೆ. ಪಿವಿಸಿ ತಯಾರಿಕೆಗೆ ಬೇಕಾಗುವ ಕೆಲವು ಪೆರಾಕ್ಸೈಡ್‌ಗಳಿಗೆ ಈ ಗೆರೆ ನಮ್ಮ ಕೋಣೆಯ ತಾಪಮಾನಕ್ಕಿಂತ ಕೆಳಗಿದೆ. ಅವು ಶೂನ್ಯಕ್ಕಿಂತ ಕೆಳಗಿನ ಶೀತಲೀಕರಣದಲ್ಲಿಯೇ ಹುಟ್ಟಿ, ಅಲ್ಲಿಯೇ ಪ್ರಯಾಣಿಸಿ, ಅಲ್ಲಿಯೇ ಖರ್ಚಾಗಬೇಕು. ಎಂಇಕೆಪಿ, ಒದ್ದೆ ಬೆಂಜಾಯ್ಲ್ ಪೆರಾಕ್ಸೈಡ್‌ಗಳಿಗೆ ಗೆರೆ 60 ಡಿಗ್ರಿಯ ಆಸುಪಾಸು ಇರುವುದರಿಂದ ಅವನ್ನು ನೆರಳಿನಲ್ಲಿ, ತಂಪಾದ ಕೋಣೆಯಲ್ಲಿ ಇಡಬಹುದು.

ಶೀತ ತಪ್ಪಿದರೆ ಏನು? 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಅಮೆರಿಕದ ಟೆಕ್ಸಸ್ ರಾಜ್ಯದ ಕ್ರಾಸ್ಬಿ ಎಂಬ ಊರಿನ ಪೆರಾಕ್ಸೈಡ್ ಕಾರ್ಖಾನೆಯನ್ನು ನೀರಿನಲ್ಲಿ ಮುಳುಗಿಸಿತು. ವಿದ್ಯುತ್ ಹೋಯಿತು, ಜನರೇಟರ್‌ಗಳೂ ಮುಳುಗಿದವು. ನೌಕರರು ಪೆಟ್ಟಿಗೆಗಳನ್ನು ಶೀತಲ ಟ್ರೇಲರ್‌ಗಳಿಗೆ ಸಾಗಿಸಿ ಕೊನೆಗೆ ಜಾಗ ಖಾಲಿ ಮಾಡಿದರು. ಟ್ರೇಲರ್‌ಗಳ ಯಂತ್ರವೂ ನಿಂತಾಗ, ಆಗಸ್ಟ್ 31ರಿಂದ ಒಂದೊಂದಾಗಿ ಬೆಂಕಿ ಹತ್ತಿಕೊಂಡವು. ಉಳಿದವನ್ನು ಅಧಿಕಾರಿಗಳು ತಾವೇ ಉದ್ದೇಶಪೂರ್ವಕವಾಗಿ ಸುಡಬೇಕಾಯಿತು. ಇನ್ನೂರಕ್ಕೂ ಹೆಚ್ಚು ನಿವಾಸಿಗಳು ಮನೆ ಬಿಟ್ಟರು, ಹೊಗೆಯಿಂದ 21 ಜನ ಚಿಕಿತ್ಸೆ ಪಡೆದರು. ಯಾರೂ ಕಿಡಿ ಹಚ್ಚಿರಲಿಲ್ಲ. ಕರೆಂಟ್ ಹೋಗಿದ್ದೇ ಕಾರಣ.

ಮುಲಾಮಿನಲ್ಲಿ ಬೆಂಜೀನ್ ಎಲ್ಲಿಂದ ಬಂತು

ಈಗ ಎರಡನೆಯ ಸುದ್ದಿ ಅರ್ಥವಾಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್ ಮುರಿದಾಗ ಹೋಳುಗಳು ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು, ಪಕ್ಕದಿಂದ ಒಂದು ಹೈಡ್ರೋಜನ್ ಕಿತ್ತುಕೊಂಡರೆ ಬೆಂಜೀನ್ ಆಗುತ್ತದೆ. ಯಾರೂ ಬೆಂಜೀನ್ ಬೆರೆಸಿಲ್ಲ, ಕಾರ್ಖಾನೆಯಲ್ಲಿ ಶುದ್ಧೀಕರಣ ಸೋತಿರಲೇಬೇಕೆಂದೂ ಇಲ್ಲ. ಎಷ್ಟೇ ಶುದ್ಧವಾಗಿ ಹೊರಟ ಮಾಲೂ ಟ್ಯೂಬಿನೊಳಗೆ, ಬಿಸಿಲಲ್ಲಿ, ದಿನ ಕಳೆದಂತೆ ಇದನ್ನು ಹುಟ್ಟಿಸಬಹುದು.

2024ರ ಮಾರ್ಚ್‌ನಲ್ಲಿ ಅಮೆರಿಕದ ಖಾಸಗಿ ಪ್ರಯೋಗಾಲಯವೊಂದು ಈ ಮುಲಾಮುಗಳನ್ನು 50 ಡಿಗ್ರಿಯಲ್ಲಿಟ್ಟು ಪರೀಕ್ಷಿಸಿ, ಕೆಲವದರಲ್ಲಿ ಬೆಂಜೀನ್ ಪ್ರಮಾಣ ದಶಲಕ್ಷಕ್ಕೆ 2 ಭಾಗ ಎಂಬ ಮಿತಿಯನ್ನು 800 ಪಟ್ಟು ಮೀರಿತು ಎಂದು ದೂರಿತು. ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು ಎಂಬುದರಲ್ಲಿ ವಿವಾದವಿಲ್ಲ; ಜನ ಹೆದರಿದ್ದು ಸಹಜ. ಔಷಧ ನಿಯಂತ್ರಣ ಸಂಸ್ಥೆ ಮರುವರ್ಷ 95 ಉತ್ಪನ್ನಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು: ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಬೆಂಜೀನ್ ಪತ್ತೆಯಾಗಲಿಲ್ಲ ಅಥವಾ ಅತ್ಯಲ್ಪವಿತ್ತು. ಬೆರಳೆಣಿಕೆಯಷ್ಟು ಉತ್ಪನ್ನಗಳು ಮಾತ್ರ ಹಿಂದಕ್ಕೆ ಹೋದವು. ಈ ಮುಲಾಮು ಬಳಸಿದವರಲ್ಲಿ ಕ್ಯಾನ್ಸರ್ ಹೆಚ್ಚಿದೆಯೇ ಎಂದು ನೋಡಿದ ಕೆಲವು ಅಧ್ಯಯನಗಳಿಗೂ ಅಂಥ ಹೆಚ್ಚಳ ಕಾಣಲಿಲ್ಲ.

ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ. ಒಬ್ಬರು ಕೆಟ್ಟ ಸ್ಥಿತಿಯಲ್ಲಿ ಏನಾದೀತು ಎಂದು ಅಳೆದರು, ಇನ್ನೊಬ್ಬರು ಅಂಗಡಿಯಲ್ಲಿ ಏನಿದೆ ಎಂದು ಅಳೆದರು. ಅಮೆರಿಕದ ಬಚ್ಚಲುಮನೆಯ ಕಪಾಟಿನಲ್ಲಿ 50 ಡಿಗ್ರಿ ಅಸಹಜವಿರಬಹುದು. ಬಿಸಿಲಿನಲ್ಲಿ ನಿಂತ ಸರಕು ವಾಹನದೊಳಗೆ, ತಗಡಿನ ಮಾಡಿನ ಗೋದಾಮಿನಲ್ಲಿ ಅದು ಅಸಹಜವಲ್ಲ. ಆದ್ದರಿಂದ ನಮ್ಮಲ್ಲಿ ಕೇಳಬೇಕಾದ್ದು ಮುಲಾಮು ಬೇಕೋ ಬೇಡವೋ ಎಂದಲ್ಲ, ಕಾರ್ಖಾನೆಯಿಂದ ಔಷಧ ಅಂಗಡಿಯವರೆಗೆ ಅದು ಎಷ್ಟು ಕಾವು ತಿಂದಿದೆ ಎಂದು. ವೈದ್ಯರು ಬರೆದುಕೊಟ್ಟ ಮುಲಾಮನ್ನು ತಂಪಾದ ಜಾಗದಲ್ಲಿಡುವುದು, ಅವಧಿ ಮುಗಿದದ್ದನ್ನು ಬಳಸದಿರುವುದು, ಬೈಕಿನ ಡಿಕ್ಕಿಯಲ್ಲಿ ಮರೆತುಬಿಡದಿರುವುದು ಇಷ್ಟಕ್ಕೇ ಅಪಾಯ ಬಹಳ ಇಳಿಯುತ್ತದೆ.

ಮೂರು ಪಕ್ಷಗಳು

ಉದ್ಯಮದವರ ವಾದ ಹೀಗಿದೆ: ಪೆರಾಕ್ಸೈಡ್ ಇಲ್ಲದೆ ಪ್ಲಾಸ್ಟಿಕ್ ಇಲ್ಲ, ಕೇಬಲ್ ಇಲ್ಲ, ಇಲ್ಲಿ ಮಾಡದಿದ್ದರೆ ಆಮದು ಮಾಡಬೇಕು, ಅದೂ ಇದೇ ರಸ್ತೆಯ ಮೇಲೆ ಬರುತ್ತದೆ. ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ಬೇಯಿಸುವ ಬದಲು ಸಣ್ಣ ಕೊಳವೆಯೊಳಗೆ ಹರಿಯುತ್ತಲೇ ಕ್ರಿಯೆ ಮುಗಿಸುವ ತಂತ್ರಜ್ಞಾನ ಬಂದಿದೆ, ಅದರಲ್ಲಿ ಯಾವ ಕ್ಷಣದಲ್ಲೂ ಒಳಗಿರುವ ಪೆರಾಕ್ಸೈಡ್ ಅತ್ಯಲ್ಪ. ಈ ವಾದದಲ್ಲಿ ಹುರುಳಿದೆ. ಆದರೆ ಆ ತಂತ್ರಜ್ಞಾನಕ್ಕೆ ಬಂಡವಾಳವೂ ನುರಿತ ಕೈಗಳೂ ಬೇಕು, ಹಳೆಯ ಪಾತ್ರೆಗಳಲ್ಲೇ ನಡೆಯುವ ಸಣ್ಣ ಘಟಕಗಳಿಗೆ ಅದು ಸುಲಭವಾಗಿ ಎಟುಕುವುದಿಲ್ಲ.

ಪರಿಸರ ಕಾರ್ಯಕರ್ತರು ಮತ್ತು ನೆರೆಯ ನಿವಾಸಿಗಳು ಡೊಂಬಿವ್ಲಿಯನ್ನು ತೋರಿಸುತ್ತಾರೆ. ಅಲ್ಲಿ ಕೈಗಾರಿಕಾ ಪ್ರದೇಶದ ಸುತ್ತಲೇ ಮನೆಗಳು ಬೆಳೆದು ನಿಂತವು. ಹಾಸನ ನಗರವೂ ತನ್ನ ಕೈಗಾರಿಕಾ ಬಡಾವಣೆಗಳ ಕಡೆಗೆ ಬೆಳೆಯುತ್ತಿದೆ. ಇಂದು ಹೊಲವಿರುವ ಜಾಗದಲ್ಲಿ ನಾಳೆ ನಿವೇಶನದ ಕಲ್ಲು ನೆಟ್ಟರೆ, ಕಾರ್ಖಾನೆ ಬದಲಾಗದೆಯೇ ಅದರ ಅಪಾಯ ಬದಲಾಗುತ್ತದೆ. ಈ ಪಕ್ಷದ ಮಾತು ನನಗೆ ಅತ್ಯಂತ ಗಟ್ಟಿಯಾಗಿ ತೋರುವುದು ಇಲ್ಲಿಯೇ. ಸುತ್ತ ಖಾಲಿ ಜಾಗ ಉಳಿಸುವುದು ಕಾರ್ಖಾನೆಯ ಮಾಲೀಕನ ಕೈಯಲ್ಲಿಲ್ಲ. ಅದು ನಗರ ಯೋಜನೆಯ ಹೊಣೆ.

ಮೂರನೆಯದು ಕಾರ್ಮಿಕ ಸಂಘಟನೆಗಳ ಪಕ್ಷ, ಹೆಚ್ಚು ಕೇಳಿಸದ ದನಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೃತ್ತಿ ಸುರಕ್ಷತೆಯ ಹೊಸ ಸಂಹಿತೆ ಹಳೆಯ 1948ರ ಕಾರ್ಖಾನೆಗಳ ಕಾಯ್ದೆಯ ಜಾಗಕ್ಕೆ ಬಂದಿದೆ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಮೊದಲು ಹತ್ತು ಕಾರ್ಮಿಕರು ಸಾಕಿತ್ತು, ಈಗ ಇಪ್ಪತ್ತು ಬೇಕು. ಅಪಾಯಕಾರಿ ಕೆಲಸವಿರುವ ಕಡೆ ಒಬ್ಬನೇ ಕಾರ್ಮಿಕನಿದ್ದರೂ ಸರ್ಕಾರ ಅಧಿಸೂಚನೆಯ ಮೂಲಕ ಸಂಹಿತೆಯನ್ನು ಅನ್ವಯಿಸಬಹುದು. ಫೈಬರ್ ಶೆಡ್‌ನ ನಾಲ್ಕು ಜನ ಕಾನೂನಿನ ಕಣ್ಣಿಗೆ ಬೀಳುವುದು ಆ ಅಧಿಸೂಚನೆಯ ಮೇಲೆ ನಿಂತಿದೆ. ಅವರಿಗೆ ನಿಜವಾದ ಅಪಾಯವೂ ಇದೆ. ಫೈಬರ್ ಕೆಲಸದಲ್ಲಿ ಬಳಸುವ ಅಂಟು ದ್ರವವಾದ ರೆಸಿನ್ ಗಟ್ಟಿಯಾಗಿಸಲು ಕೋಬಾಲ್ಟ್ ದ್ರಾವಣ ಮತ್ತು ಹಾರ್ಡನರ್ ಎರಡೂ ಬೇಕು. ಮೊದಲನೆಯದನ್ನು ರೆಸಿನ್‌ಗೆ ಚೆನ್ನಾಗಿ ಬೆರೆಸಿದ ಮೇಲಷ್ಟೇ ಎರಡನೆಯದನ್ನು ಹಾಕಬೇಕು. ಇವೆರಡನ್ನು ನೇರವಾಗಿ ಒಂದೇ ಡಬ್ಬಿಯಲ್ಲಿ ಸೇರಿಸಿದರೆ ಉಗ್ರವಾಗಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಉಳಿದ ಹಾರ್ಡನರ್‌ಅನ್ನು ಮೂಲ ಡಬ್ಬಿಗೆ ಮರಳಿ ಸುರಿಯಬಾರದು. ಅದರ ಜೊತೆ ಹೋಗುವ ಒಂದು ಚಿಟಿಕೆ ತುಕ್ಕು ಸಾಕು. ಹಾರ್ಡನರ್‌ನ ಹನಿ ಕಣ್ಣಿಗೆ ಬಿದ್ದರೆ ಶಾಶ್ವತ ಹಾನಿಯಾಗಬಹುದು. ಈ ಎಚ್ಚರಿಕೆಗಳು ಡಬ್ಬಿಯ ಮೇಲೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಕನ್ನಡದಲ್ಲಿರಬೇಕು ಎಂದು ಒತ್ತಾಯಿಸುವುದು ಭಾಷಾಭಿಮಾನದ ಮಾತಲ್ಲ, ಕಣ್ಣು ಉಳಿಸುವ ಮಾತು.

ಹಾಸನದ ತಂಪು, ಶಿರಾಡಿಯ ಮಳೆ

ಬಡವರ ಊಟಿ ಎಂದು ಕರೆಸಿಕೊಂಡ ಊರಿಗೆ ಹವೆಯ ಬಲವಿದೆ ಎಂದು ಅನ್ನಿಸಬಹುದು. ಆ ಭರವಸೆ ಅರ್ಧ ಮಾತ್ರ ನಿಜ. ಹೊರಗಿನ ನೆರಳಿನಲ್ಲಿ 33 ಡಿಗ್ರಿ ಇದ್ದಾಗ ತಗಡಿನ ಶೀಟಿನ ಕೆಳಗೆ, ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಲೆಕ್ಕ ಬೇರೆ. ಶೀತಲೀಕರಣ ಬೇಕಾದ ಪೆರಾಕ್ಸೈಡ್‌ಗಂತೂ ಹಾಸನದ ಚಳಿಗಾಲವೂ ಸೆಕೆಯೇ. ಅದಕ್ಕೆ ಬೇಕಾದ್ದು ತಪ್ಪದ ವಿದ್ಯುತ್ತು, ಅದು ತಪ್ಪಿದಾಗ ತಾನಾಗಿ ಚಾಲೂ ಆಗುವ ಜನರೇಟರ್. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾಗುವುದು ವರ್ಷವರ್ಷದ ಸಂಗತಿ.

ಕಾನೂನಿನ ಚೌಕಟ್ಟು ಇಲ್ಲವೆಂದಲ್ಲ. ಭೋಪಾಲದ ನಂತರ ಬಂದ 1989ರ ನಿಯಮಗಳ ಪ್ರಕಾರ, ನಿಗದಿತ ಪ್ರಮಾಣ ಮೀರಿ ಅಪಾಯಕಾರಿ ರಾಸಾಯನಿಕ ಇಡುವವರು ಸುರಕ್ಷತಾ ವರದಿ, ಕಾರ್ಖಾನೆಯೊಳಗಿನ ತುರ್ತು ಯೋಜನೆ ಸಿದ್ಧಪಡಿಸಬೇಕು. ಹೊರಗಿನ ಯೋಜನೆ ಆಡಳಿತದ ಹೊಣೆ. 1996ರ ನಿಯಮಗಳು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕೆಂದು ಹೇಳುತ್ತವೆ. ರಸ್ತೆಯ ಮೇಲೆ ಸಾಗುವ ಪೆರಾಕ್ಸೈಡ್‌ಗೆ ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ 5.2 ಎಂಬ ಗುರುತು ಇದೆ: ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಬಣ್ಣದ ವಜ್ರಾಕೃತಿ. ಅದರಲ್ಲಿ ಎ ಯಿಂದ ಜಿ ವರೆಗೆ ಏಳು ದರ್ಜೆ. ಎ ದರ್ಜೆಯದನ್ನು ಸಾಗಿಸಲೇಬಾರದು. ಪೊಲೀಸ್ ಚೆಕ್‌ಪೋಸ್ಟ್‌ನಲ್ಲೂ ಅಗ್ನಿಶಾಮಕ ಠಾಣೆಯಲ್ಲೂ ಈ ಬಣ್ಣ ಗುರುತಿಸುವವರಿರಬೇಕು. 1964ರ ಜುಲೈನಲ್ಲಿ ಟೋಕಿಯೋದ ಶಿನಾಗಾವಾ ಗೋದಾಮಿನಲ್ಲಿ ಬೇರೊಂದು ರಾಸಾಯನಿಕಕ್ಕೆ ಹತ್ತಿದ ಬೆಂಕಿ ನಂದಿಸುತ್ತಿದ್ದಾಗ ಪಕ್ಕದಲ್ಲಿದ್ದ ಎಂಇಕೆಪಿ ಸಿಡಿದು 19 ಜನ ಅಗ್ನಿಶಾಮಕರು ಸತ್ತರು. ಒಳಗೆ ಏನಿದೆ ಎಂಬ ಪಟ್ಟಿ ಬಾಗಿಲಲ್ಲೇ ಸಿಕ್ಕರೆ ನೀರನ್ನು ಎಷ್ಟು ದೂರದಿಂದ ಹಾಯಿಸಬೇಕೆಂದು ನಿರ್ಧರಿಸಬಹುದು.

ಶಿರಾಡಿ ಘಾಟಿಯದು ಪ್ರತ್ಯೇಕ ಪ್ರಶ್ನೆ. ಸಕಲೇಶಪುರದ ಬಳಿ ದೋಣಿಗಲ್‌ನಲ್ಲಿ ಮಳೆಗಾಲದಲ್ಲಿ ಭೂಮಿ ಕುಸಿದು ಹೆದ್ದಾರಿ ಮುಚ್ಚುವುದನ್ನು ಮತ್ತೆ ಮತ್ತೆ ನೋಡಿದ್ದೇವೆ. ಆಗ ಲಾರಿಗಳು ಮೈಲುಗಟ್ಟಲೆ ಸಾಲು ನಿಲ್ಲುತ್ತವೆ. ಆ ಸಾಲಿನಲ್ಲಿ 5.2ರ ಗುರುತು ಹೊತ್ತ ಒಂದು ಶೀತಲ ಲಾರಿ ಸಿಕ್ಕಿಕೊಂಡರೆ, ಅದರ ಯಂತ್ರದ ಡೀಸೆಲ್ ಮುಗಿಯುವವರೆಗೆ ಮಾತ್ರ ಸಮಯ. ಅಂಥ ಲಾರಿಯನ್ನು ಘಾಟಿ ಸೇರುವ ಮುನ್ನ ಮೇಲೆ ಹಾಸನದಲ್ಲೋ ಘಾಟಿಯ ಬುಡದ ಗುಂಡ್ಯದಲ್ಲೋ ತಡೆಯುವವರು ಯಾರು, ಜನವಸತಿಯಿಂದ ದೂರ ಅದು ನಿಲ್ಲಬೇಕಾದ ಬಯಲು ಯಾವುದು, ರಾತ್ರಿ ಎರಡು ಗಂಟೆಗೆ ಅದಕ್ಕೆ ಡೀಸೆಲ್ ತಂದುಕೊಡುವ ಹೊಣೆ ಯಾರದು ಎಂಬುದು ಜಿಲ್ಲಾ ಯೋಜನೆಯ ಹಾಳೆಯಲ್ಲಿ ಹೆಸರು, ದೂರವಾಣಿ ಸಂಖ್ಯೆಗಳ ಸಮೇತ ಇರಬೇಕು, ಜೂನ್ ಮೊದಲ ಮಳೆ ಬೀಳುವ ಮುಂಚೆ.